ಕೂತ ಕೋವಿ

ವಿನೋಬನಗರದ ಪೊಲೀಸ್ ಚೌಕಿಯಿಂದ ಎರಡು ತಿರುವು ಒಳಗೆ ಕೋವಿ ಗೌಡ್ರ ಮನೆ. ಇಂಥವರು ಶಿವಮೊಗ್ಗದ ಬಡಾವಣೆಗೊಬ್ಬರಿದ್ದಾರೆ: ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಪೇಟೆಯಲ್ಲಿ ಮನೆ, ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತಿ, ಬೀರುವಿನಲ್ಲಿ ಅಪ್ಪನ ಕಾಲದ ಪಾಯಿಂಟ್ ಟೂ ಟೂ ರೈಫಲ್. ಕೊಡಗಿನ ಕೊಡವರ ಹಾಗೆ ಲೈಸೆನ್ಸಿನ ವಿನಾಯಿತಿ ನಮಗೇಕಿಲ್ಲ ಎಂಬ ಕೊರಗು ಬೇರೆ.

ಗೌಡ್ರು ಆ ಕೋವಿಯಿಂದ ಈಡು ಹೊಡೆದದ್ದನ್ನು ಕಂಡವರಿಲ್ಲ. ಅದನ್ನು ಬಿಚ್ಚಿದ್ದನ್ನು ಕಾಣದವರೂ ಇಲ್ಲ.

"1923ರಲ್ಲಿ ಶುರುವಾದ ಕಾರ್ಖಾನೆ ಕಣ್ರೀ ನಮ್ದು. ಒಂದು ಥೌ, ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು, ಹೆಚ್ಚುಕಮ್ಮಿ ಆದ್ರೂ ನಾನು ಒಪ್ತಿರ್ಲಿಲ್ಲ" ಎನ್ನುವ ಮನುಷ್ಯನಿಗೆ ಕೋವಿಯ ಮರದ ಹಿಡಿ, ಅಂದರೆ ಸ್ಟಾಕು, ಕಂಡರಾಗದು. ಮಲೆನಾಡಿನ ಮಳೆಗೆ ಮರ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಗೆ ಸೊರಗುತ್ತದೆ, ನಳಿಗೆಯನ್ನು ಒತ್ತಿ ಗುರಿ ಕೆಡಿಸುತ್ತದೆ. ಅದು ನಿಜವೇ. ಹಾಗಾಗಿ ಪ್ಲಾಸ್ಟಿಕ್ಕಿನ ಸ್ಟಾಕು ಬಂತು. ಬಂದದ್ದೇ ತಡ, ಅಳತೆಪಟ್ಟಿ ಹೊರಬಿತ್ತು: ಅಚ್ಚಿನಲ್ಲಿ ಎರೆದ ಮಾಲು, ಗುಂಡು ಸಿಡಿಸುವ ಉಕ್ಕಿನ ಭಾಗ, ಅಂದರೆ ಆಕ್ಷನ್, ಅದರೊಳಗೆ ಅಲುಗುತ್ತಿದೆ! ಪ್ರತಿ ಈಡಿಗೂ ಕೂದಲೆಳೆಯಷ್ಟು ಜರುಗಿದರೆ ಮುಂದಿನ ಗುಂಡು ಹೋದದ್ದೇ ದಾರಿ. ಸಂದಿಗೆ ಎಪಾಕ್ಸಿ ತುಂಬಿ ಆಕ್ಷನ್ ಕೂರಿಸಲೇಬೇಕು.

ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕಾರ್ಯಕ್ರಮ. ಕಾಫಿಗೆ ಕರೆಸಿಕೊಂಡ ನಾವು ಮೂವರು ನೆರೆಯವರೇ ಸಭಿಕರು. ನುಣುಪು ಪ್ಲಾಸ್ಟಿಕ್ಕಿಗೆ ಅಂಟು ಕಚ್ಚುವುದಿಲ್ಲವೆಂದು ಒಳಮೈಗೆ ಉಪ್ಪುಕಾಗದ ಉಜ್ಜಿದರು. ಬೇಡದ ತೂತುಗಳಿಗೆ ಮೊಮ್ಮಗನ ಆಟದ ಕ್ಲೇ ಮೆತ್ತಿದರು. (ಮೊಮ್ಮಗ ಅತ್ತ.) ಅರಾಲ್ಡೈಟಿನ ಎರಡೂ ಟ್ಯೂಬು ಹಿಂಡಿ ಸಮಸಮ ಕಲಸುತ್ತಾ ಉಪನ್ಯಾಸ ನಡೆಸಿದರು.

"ಮುಖ್ಯ ಯಾವ್ದು ಗೊತ್ತೇನ್ರೀ? ಉಕ್ಕಿಗೆ ಮೊದಲು ಬೂಟ್ ಪಾಲಿಶ್ ಹಚ್ಬೇಕು. ಸ್ಕ್ರೂ, ಅದರ ತೂತು, ಒಂದ್ ಜಾಗ ಬಿಡೋಹಾಗಿಲ್ಲ. ಬಿಟ್ರೆ ಮುಗೀತು, ಜನ್ಮಕ್ಕೆ ಬಿಡಿಸೋಕಾಗಲ್ಲ!"

ಇದನ್ನು ಅವರು ಎಷ್ಟು ಸೊಗಸಾಗಿ ವಿವರಿಸಿದರೆಂದರೆ, ಹಚ್ಚುವುದೇ ಮರೆತುಹೋಯಿತು.

ಇಪ್ಪತ್ನಾಲ್ಕು ಗಂಟೆ ಕಳೆದು ಸ್ಕ್ರೂ ತಿರುಗಿಸಿದರೆ ಅದು ಮಿಸುಕಲಿಲ್ಲ. ರಬ್ಬರ್ ಸುತ್ತಿಗೆಯಿಂದ ತಟ್ಟಿದ್ದಾಯಿತು, ಬೈದದ್ದೂ ಆಯಿತು. ತಂಪಿಗಿಟ್ಟರೆ ಉಕ್ಕು ಕುಗ್ಗಿ ಹಿಡಿತ ಬಿಡುವುದುಂಟು. ಆ ಉಪಾಯ ಅವರಿಗೆ ಗೊತ್ತಿತ್ತು. ಕೋವಿ ಹಿಡಿದು ಅಡುಗೆಮನೆ ಹೊಕ್ಕರು.

"ರೀ, ಫ್ರಿಜ್ಜಲ್ಲಿ ದೋಸೆಹಿಟ್ಟಿದೆ. ಅದನ್ನ ತೆಗೆದು ಬಂದೂಕ ಇಡ್ತೀರಾ?" ಎಂದರು ಮನೆಯವರು. ಮೂರು ಅಡಿ ದಾಟಿದ ಕೋವಿ ಹೇಗೂ ಅದರೊಳಗೆ ಹಿಡಿಯುತ್ತಿರಲಿಲ್ಲ. ಐಸ್‌ಕ್ರೀಂ ಅಂಗಡಿಯ ಉದ್ದನೆ ಫ್ರೀಜರ್ ನೆನಪಾಯಿತು, ಆದರೆ ಕೋವಿ ಹಿಡಿದು ಅಂಗಡಿಗೆ ಹೋಗುವವರು ಯಾರು?

ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ನೀತಿಸಂಹಿತೆ ಬಂತೆಂದರೆ ಲೈಸೆನ್ಸ್ ಕೋವಿಗಳೆಲ್ಲ ಠಾಣೆಗೆ. ಗೌಡ್ರ ರೈಫಲು ತೋಟಕ್ಕಿಂತ ಠಾಣೆಯನ್ನೇ ಹೆಚ್ಚು ಕಂಡಿದೆ. ಈ ಸಲ ಒಪ್ಪಿಸುವಾಗ ಪೊಲೀಸಿನವರಿಗೆ ಎದೆಯುಬ್ಬಿಸಿ ಹೇಳಿದರು: "ಅಲುಗಿಸಿ ನೋಡಿ ಸ್ವಾಮಿ. ಒಂದು ಥೌ ಕದಲಲ್ಲ!"

ಅದರಲ್ಲಿ ಸುಳ್ಳೇನಿಲ್ಲ. ತೋಟದಲ್ಲಿ ಮಂಗ ಓಡಿಸುವುದು ಮಾತ್ರ ಈಗಲೂ ಆಳು ಹಚ್ಚುವ ಗರ್ನಾಲು.