ಹಿಂದಿನ ಸೀಟಿನ ಅಹವಾಲು

ಬೈಕಿನ ಗುಣದೋಷ ಬರೆಯುವವರೆಲ್ಲ ಮುಂದಿನ ಸೀಟಿನ ಜನ. ಪಿಕಪ್ ಹೇಗಿದೆ, ಬ್ರೇಕ್ ಹೇಗೆ ಹಿಡಿಯುತ್ತದೆ, ತಿರುವಿನಲ್ಲಿ ಗಾಡಿ ಎಷ್ಟು ಬಾಗುತ್ತದೆ ಅಂತೆಲ್ಲ ಪುಟಗಟ್ಟಲೆ ಬರೆದು, ಕೊನೆಗೆ 'ಹಿಂಬದಿ ಸವಾರರಿಗೂ ತೊಂದರೆಯಿಲ್ಲ' ಅಂತ ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ತೊಂದರೆಯಿಲ್ಲ ಅಂತ ಇವರಿಗೆ ಹೇಳಿದವರಾದರೂ ಯಾರು? ಹಿಂದೆ ಕೂತವಳನ್ನು ಕೇಳಿದ್ದರೆ ಆ ಸಾಲು ಅಷ್ಟು ಚಿಕ್ಕದಾಗಿ ಇರುತ್ತಿರಲಿಲ್ಲ. ಅಷ್ಟು ಸಭ್ಯವಾಗಿಯೂ ಇರುತ್ತಿರಲಿಲ್ಲ.

ನಮ್ಮವರು ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1984ರಲ್ಲಿ ಶುರುವಾದಾಗ ಅದು ವೀಲ್ ಅಂಡ್ ಆಕ್ಸಲ್ ಪ್ಲಾಂಟ್. ಹೆಸರು ಬದಲಾಗಿ ಎಷ್ಟೋ ಕಾಲವಾದರೂ ನಮ್ಮ ಕಡೆಯ ಹಳಬರ ಬಾಯಲ್ಲಿ ಇನ್ನೂ 'ವೀಲ್ ಅಂಡ್ ಆಕ್ಸಲ್ಲೇ'. ರೈಲಿಗೆ ಚಕ್ರ ಎರಕ ಹೊಯ್ಯುವಲ್ಲಿ ಆಯಸ್ಸು ಕಳೆದ ಮನುಷ್ಯ ರಿಟೈರ್ ಆದ ಮೇಲೆ ಅದೇ ರೈಲಿನಲ್ಲಿ ಕಾಲು ಚಾಚಿ ಮಲಗಿ ಊರು ಸುತ್ತಬಹುದಿತ್ತು. ಅದು ಬಿಟ್ಟು ಟೂರಿಂಗ್ ಬೈಕ್ ತಗೊಳ್ಳೋಣ ಅಂದರು. ಆಗುಂಬೆ, ಹಂಪಿ, ಕೊಡಚಾದ್ರಿ, ಆಮೇಲೆ ಮಂಡಿಗಳು ಒಪ್ಪಿದರೆ ಲಡಾಖ್. "ಇಬ್ಬರೂ ಹೋಗೋಣ ಕಣೇ" ಅಂತ ರಾಗ ಎಳೆದರು. ನಾನು ಕರಗಲಿಲ್ಲ. "ರೀ, ಆ ಇಬ್ಬರ ಲೆಕ್ಕದಲ್ಲಿ ನನ್ನ ಸೊಂಟಾನೂ ಸೇರಿಸಿದ್ದೀರಾ?" ಅಂದೆ. ಷರತ್ತು ಒಂದೇ: ಮುಂದಿನ ಸೀಟು ಅವರಿಷ್ಟ, ಹಿಂದಿನ ಸೀಟನ್ನು ನಾನು ಪಾಸು ಮಾಡದೆ ಯಾರಿಗೂ ಅಡ್ವಾನ್ಸ್ ಕೊಡುವ ಹಾಗಿಲ್ಲ.

ಇದು ನಮ್ಮ ಅತ್ತೆಗೆ ವಿಚಿತ್ರವಾಗಿ ಕಂಡಿತು. ಮಾವನವರ ಹತ್ತಿರ ಇದ್ದದ್ದು ಮೈಸೂರಿನ ಯೆಜ್ಡಿ. ಐಡಿಯಲ್ ಜಾವಾ ಕಂಪನಿ 1961ರಲ್ಲಿ ಅಲ್ಲಿ ಗಾಡಿ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ಹಳೇ ಮೈಸೂರು ಸೀಮೆಯ ಎಷ್ಟು ಸಂಸಾರಗಳು ಅದರ ಮೇಲೆ ಮದುವೆ ಮುಂಜಿಗೆ ಹೋಗಿಬಂದವೋ. ಒಂದೇ ಲಿವರ್ ಕಿಕ್ಕರ್ರೂ ಹೌದು, ಗೇರೂ ಹೌದು. ಅಷ್ಟು ಮಿತವ್ಯಯದ ಗಾಡಿ. ಅದರ ಮೇಲೆ ಕೂರುವುದರಲ್ಲಿ ಮಾತ್ರ ಮಿತಿ ಇರಲಿಲ್ಲ. ಅತ್ತೆ ಎರಡೂ ಕಾಲು ಒಂದೇ ಬದಿಗೆ ಹಾಕಿ, ಮಡಿಲಲ್ಲಿ ಕೂಸು, ಕೈಯಲ್ಲಿ ತಾಂಬೂಲದ ಚೀಲ ಹಿಡಿದು ಕೂರುತ್ತಿದ್ದರಂತೆ. ಟ್ಯಾಂಕಿನ ಮೇಲೆ ಹಿರಿಮಗ, ಅಂದರೆ ನಮ್ಮವರು. ಈ ಹುಚ್ಚು ಅಂಟಿದ್ದು ಅಲ್ಲೇ ಅಂತ ನನ್ನ ಗುಮಾನಿ.

"ನಾವೇನು ಸೀಟು ಒತ್ತಿ ನೋಡಿ ಮದುವೆಯಾದ್ವೇನಮ್ಮಾ?" ಅಂದರು ಅತ್ತೆ.

"ಬೆನ್ನು ನೋಯ್ತಿರಲಿಲ್ವಾ ಅತ್ತೆ?"

"ನೋಯ್ತಿತ್ತು. ಯಾರು ಕೇಳ್ತಿದ್ರು?"

ಯಾರೂ ಕೇಳಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ, ಸರಕಾರ ಕೇಳಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ನಮ್ಮ ಪಾಲಿನದು. ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಭದ್ರವಾದ ಹಿಡಿ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧ ಭಾಗಕ್ಕಾದರೂ ತಡೆ ಇರಬೇಕು ಎನ್ನುತ್ತದೆ ಅದು. ಸೀರೆ ಗಾರ್ಡ್ ಎನ್ನುವ ಕಬ್ಬಿಣದ ಜಾಲರಿ ಅಂಟಿಕೊಂಡಿರುವುದು ಈ ನಿಯಮದ ದೆಸೆಯಿಂದ. ಷೋರೂಮಿನಿಂದ ಗಾಡಿ ಹೊರಬಿದ್ದ ದಿನವೇ ಹುಡುಗರು ಅದನ್ನು ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾರೆ, 'ಲುಕ್ಕು ಹೋಗುತ್ತೆ' ಅಂತ. ದುಪಟ್ಟಾ ಚಕ್ರಕ್ಕೆ ಸಿಕ್ಕಿದರೆ ಏನೇನು ಹೋಗುತ್ತದೆ ಅನ್ನುವುದು ಅವರ ಲೆಕ್ಕದಲ್ಲಿ ಬರುವುದಿಲ್ಲ. ನಿಯಮ ಬರೆದ ಪುಣ್ಯಾತ್ಮರು ಸೀಟಿನ ಅಗಲ, ಸ್ಪಂಜಿನ ದಪ್ಪದ ಬಗ್ಗೆಯೂ ಎರಡು ಮಾತು ಬರೆದಿದ್ದರೆ ನನಗೆ ಯಶವಂತಪುರದಿಂದ ಹೆಬ್ಬಾಳದವರೆಗೆ ಷೋರೂಮು ಅಲೆಯುವ ಕೆಲಸ ತಪ್ಪುತ್ತಿತ್ತು.

ಅಲೆದೆವು. ಹೋದಲ್ಲೆಲ್ಲ ಒಂದೇ ಪದ್ಧತಿ. ಟೈ ಕಟ್ಟಿದ ಹುಡುಗ ಓಡಿಬಂದು "ಬನ್ನಿ ಸರ್" ಅಂತ ಇವರನ್ನು ಗಾಡಿಯ ಕಡೆಗೂ, "ಮೇಡಂ, ನೀವು ಕೂತಿರಿ, ಕಾಫಿ ಹೇಳ್ತೀನಿ" ಅಂತ ನನ್ನನ್ನು ಸೋಫಾದ ಕಡೆಗೂ ವಿಂಗಡಿಸುತ್ತಿದ್ದ. ಸೋಫಾ ಎಲ್ಲ ಕಡೆಯೂ ಚೆನ್ನಾಗಿತ್ತು. ಅದನ್ನು ಬೈಕಿಗೆ ಜೋಡಿಸಿ ಕೊಟ್ಟರೆ ಈಗಲೇ ಚೆಕ್ ಬರೆಯುತ್ತೇನೆ ಅಂತ ಒಂದು ಕಡೆ ಹೇಳಿಯೂ ನೋಡಿದೆ. ಹುಡುಗ ಮ್ಯಾನೇಜರನ್ನು ಕರೆದ.

ಕೈಗಿಟ್ಟ ಬಣ್ಣದ ಹಾಳೆಗಳಲ್ಲಿ ಸೀಟಿನ ಎತ್ತರ ಮಿಲಿಮೀಟರ್ ಲೆಕ್ಕದಲ್ಲಿ ಇರುತ್ತದೆ. ಮೀಟಿಯೋರ್ 350ಕ್ಕೆ 765, ಹಿಮಾಲಯನ್ 450ಕ್ಕೆ 825, 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರಿಗೆ 855. ಇದೆಲ್ಲ ಮುಂದಿನ ಸೀಟಿನ ಎತ್ತರ. ಹಿಂದಿನದು ಎಷ್ಟು ಅಂತ ನಾನು ನೋಡಿದ ಯಾವ ಹಾಳೆಯೂ ಹೇಳಲಿಲ್ಲ. ಕೇಳಿದರೆ ಹುಡುಗ ಗೇಣು ಹಾಕಿ ನೋಡಿ "ಸ್ವಲ್ಪ ಜಾಸ್ತಿ ಇರುತ್ತೆ ಮೇಡಂ" ಅನ್ನುವುದು. ಆ ಸ್ವಲ್ಪ ಎಷ್ಟು ಅಂತ ತಿಳಿಯಬೇಕಾದರೆ ಐದಡಿಯ ಹೆಂಗಸು ಚೂಡಿದಾರ ತೊಟ್ಟು ಹತ್ತಿಯೇ ನೋಡಬೇಕು.

ಹತ್ತುವುದನ್ನು ಗಂಡಸರು ಒಂದು ಕೆಲಸ ಅಂತಲೇ ಲೆಕ್ಕಕ್ಕೆ ಇಟ್ಟಿಲ್ಲ. ಮೊದಲು ಅವರು ಕೂತು ಎರಡೂ ಕಾಲು ನೆಲಕ್ಕೂರಿ, ಮುಂದಿನ ಬ್ರೇಕ್ ಒತ್ತಿ ಹಿಡಿದು, "ಹೂಂ, ಹತ್ತು" ಅನ್ನಬೇಕು. ನಾನು ಎಡಗಾಲನ್ನು ಎಡ ಫುಟ್‌ರೆಸ್ಟಿನ ಮೇಲಿಟ್ಟು, ಅವರ ಹೆಗಲಿನ ಮೇಲೆ ಇಡೀ ಭಾರ ಹಾಕಿ, ಬಲಗಾಲನ್ನು ಬೀಸಿ ಆಚೆ ದಾಟಿಸಬೇಕು. ಅಷ್ಟು ಹೊತ್ತು ಗಾಡಿ, ಗಂಡ, ಹೆಂಡತಿ ಮೂವರೂ ಎಡಕ್ಕೆ ವಾಲಿರುತ್ತೇವೆ. ಹಿಂದೆ ದೊಡ್ಡ ಪೆಟ್ಟಿಗೆ ಕಟ್ಟಿದ್ದರೆ ಕಾಲು ಬೀಸಲು ಜಾಗವೇ ಇರುವುದಿಲ್ಲ; ಮಂಡಿ ಮಡಚಿ ಅವರ ಬೆನ್ನಿಗೂ ಪೆಟ್ಟಿಗೆಗೂ ನಡುವೆ ತೂರಿಸಬೇಕು. ಕೂತಾದ ಮೇಲೆ ಅದೇ ಪೆಟ್ಟಿಗೆ ಬೆನ್ನಿಗೆ ಒರಗಾಗಿ ಸ್ವರ್ಗ ಅನ್ನಿಸುತ್ತದೆ ಅನ್ನುವುದು ಬೇರೆ ಮಾತು. ಹಿಂದಿನ ಕಾಲದಲ್ಲಿ ಬಜಾಜ್ ಸ್ಕೂಟರಿನ ಸ್ಟೆಪ್ನಿ ಆ ಉಪಕಾರ ಮಾಡುತ್ತಿತ್ತು.

ನೋಟಕ್ಕೆ ಗರುಡನಂತಿದ್ದ ಒಂದು ಗಾಡಿಯಲ್ಲಿ ಹಿಂದಿನ ಸೀಟು ನನ್ನ ಎರಡು ಅಂಗೈಯಷ್ಟಿತ್ತು. ಫುಟ್‌ರೆಸ್ಟ್ ಎಷ್ಟು ಮೇಲೆ ಅಂದರೆ ಕೂತ ಕೂಡಲೇ ಮಂಡಿ ಎದೆಗೆ ಬಂತು. ಹಿಡಿದುಕೊಳ್ಳಲು ಎರಡು ಬೆರಳು ತೂರುವ ಸಂದು. ಇನ್ನೊಂದರಲ್ಲಿ ಸೀಟು ಅಗಲವಾಗಿಯೇ ಇತ್ತು, ಆದರೆ ಮುಂದಕ್ಕೆ ಇಳಿಜಾರು. ಪ್ರತಿ ಬ್ರೇಕಿಗೂ ನಾನು ಜಾರಿ ಇವರ ಬೆನ್ನಿಗೆ ಬೀಳುವುದು, ನನ್ನ ಹೆಲ್ಮೆಟ್ ಇವರ ಹೆಲ್ಮೆಟ್ಟಿಗೆ ಟಕ್ ಅನ್ನುವುದು. ಹಿಂಬದಿಯವರಿಗೂ ಹೆಲ್ಮೆಟ್ ಅಂತ ನಮ್ಮ ರಾಜ್ಯದಲ್ಲಿ ಬಿಗಿ ಮಾಡಿದ್ದು 2016ರ ಜನವರಿಯಲ್ಲಿ. ಅಂದಿನಿಂದ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಈ ಟಕ್ ಟಕ್ ಕೇಳಿಸುತ್ತಿದೆ. ಒಳ್ಳೆಯ ಕಾನೂನು, ತಕರಾರಿಲ್ಲ. ಮುಡಿದ ಮಲ್ಲಿಗೆ ಮಾತ್ರ ಅರ್ಧ ದಾರಿಗೆ ಬಾಡುತ್ತದೆ.

ಎಂ.ಎಸ್. ಪಾಳ್ಯದ ಕಡೆ ಟೆಸ್ಟ್ ರೈಡ್ ಹೋದಾಗ ಹಂಪಿನ ಶಾಸ್ತ್ರ ಅರ್ಥವಾಯಿತು. ಓಡಿಸುವವರು ಕೂರುವುದು ಎರಡು ಚಕ್ರಗಳ ನಡುವೆ, ನಾವು ಕೂರುವುದು ಹೆಚ್ಚುಕಡಿಮೆ ಹಿಂದಿನ ಚಕ್ರದ ನೆತ್ತಿಯ ಮೇಲೆ. ಮೊರದ ತುದಿಯಲ್ಲಿರುವ ಅಕ್ಕಿಗೇ ಹಾರಾಟ ಹೆಚ್ಚು. ಹಂಪು ಬರುವುದು ಅವರಿಗೆ ಕಾಣುತ್ತದೆ, ಮೈ ಬಿಗಿ ಹಿಡಿಯುತ್ತಾರೆ. ನಮಗೆ ಕಾಣುವುದು ಅವರ ಜಾಕೆಟ್ಟಿನ ಹೊಲಿಗೆ ಮಾತ್ರ. "ಎಷ್ಟು ಸ್ಮೂತಾಗಿ ಹೋಯ್ತು ನೋಡಿದ್ಯಾ" ಅಂತ ಅವರು ಹೇಳುವ ಹೊತ್ತಿಗೆ ನಾನು ಇನ್ನೂ ಗಾಳಿಯಲ್ಲಿದ್ದೆ.

ಈ ಸಂಗತಿಯನ್ನು ಬಿಡಿಸಿ ಹೇಳಿದವರು ಆರ್.ಟಿ. ನಗರದ ನಮ್ಮ ಹಳೇ ಮೆಕ್ಯಾನಿಕ್. "ಮೇಡಂ, ಕಂಪನಿಯೋರು ಗಾಡಿ ಕಳ್ಸೋದು ಬ್ರಹ್ಮಚಾರಿ ಸೆಟ್ಟಿಂಗಲ್ಲಿ" ಅಂದರು. ಬಗ್ಗಿ ತೋರಿಸಿದರು: ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ. ಕೊಕ್ಕೆಯಂಥ ಸ್ಪ್ಯಾನರ್ ಹಾಕಿ ಕಟಕ್ ಕಟಕ್ ಅಂತ ಎರಡು ಮೆಟ್ಟಿಲು ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ, ಇಬ್ಬರ ಭಾರಕ್ಕೆ ಒಗ್ಗುತ್ತದೆ. ತಿರುಗಿಸದಿದ್ದರೆ ಗಾಡಿಯ ಹಿಂಭಾಗ ಕುಸಿದು, ಮುಂಭಾಗ ಹಗುರಾಗಿ, ಹೆಡ್‌ಲೈಟು ರಸ್ತೆ ಬಿಟ್ಟು ಎದುರಿನ ಲಾರಿ ಡ್ರೈವರನ ಕಣ್ಣಿಗೆ ಹೊಡೆಯುತ್ತದೆ. ಗಾಳಿಯೂ ಅಷ್ಟೇ. ಒಬ್ಬರಿಗೆ ಇಷ್ಟು, ಇಬ್ಬರಿಗೆ ಇಷ್ಟು ಅಂತ ಪುಸ್ತಕದಲ್ಲೇ ಬರೆದಿರುತ್ತದೆ. ಇಬ್ಬರಾದರೆ ಹಿಂದಿನ ಟಯರಿಗೆ ಒಂದಿಷ್ಟು ಹೆಚ್ಚು. ಪುಸ್ತಕವನ್ನು ಯಾರು ತೆರೆಯುತ್ತಾರೆ? ಗಾಡಿ ಹೊರಬಹುದಾದ ಒಟ್ಟು ಭಾರವೂ ಅದರಲ್ಲೇ ಇರುತ್ತದೆ, ಇಬ್ಬರ ತೂಕ ಮತ್ತು ಲಗೇಜು ಸೇರಿಸಿ. ಆ ಪುಟವನ್ನು ನಾನೇ ತೆರೆದು, ನಾನೇ ಮುಚ್ಚಿದೆ.

ಇಷ್ಟರ ಮಧ್ಯೆ ನಮ್ಮವರ ಕಣ್ಣು 650 ಸಿಸಿ ಮೇಲೆ ಬಿತ್ತು. ಎರಡು ಸಿಲಿಂಡರ್, ನಡುಕ ಕಡಿಮೆ, "ನಿನ್ನ ಸೊಂಟಕ್ಕೋಸ್ಕರಾನೇ ಕಣೇ" ಅಂದರು. ನಡುಕದ ಮಾತು ನಿಜವೇ. ಆದರೆ ಸೂಪರ್ ಮೀಟಿಯೋರ್ 650ರ ತೂಕ 241 ಕೆ.ಜಿ. ಹೆಬ್ಬಾಳದ ಫ್ಲೈಓವರ್ ಮೇಲೆ ಇಂಚಿಂಚು ತೆವಳುವಾಗ ಕಾಲು ಜಾರಿ ಅದು ಮಲಗಿದರೆ ಎತ್ತುವವರು ಯಾರು? ನನ್ನ ವಾದ ಮುಗಿಯುವ ಮೊದಲೇ ಕೇಂದ್ರ ಸರಕಾರ ನನ್ನ ಪರ ನಿಂತಿತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿಯವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿಯಿತು, ಅದರ ಮೇಲಿನವುಗಳದು ಶೇ 40ಕ್ಕೆ ಏರಿತು. ಅದರ ಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸು. ಲಕ್ಷ ದಾಟಿದ ಬೈಕಿಗೆ ಅದೇ ಒಂದು ಶೇ 18. ಪಿಂಚಣಿಯ ಮನೆಯಲ್ಲಿ ಈ ಅಂಕಿಗಳನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು, 650 ತಾನಾಗಿ ಕುಗ್ಗಿ 350 ಆಗುತ್ತದೆ.

ಹಿಂದೆ ಕೂತವಳನ್ನು ಮೊದಲು ನೆನೆದು ಮಾಡಿದ ಗಾಡಿ ಜಗತ್ತಿನಲ್ಲಿ ಇಲ್ಲವೇ ಇಲ್ಲ ಅನ್ನಲಾರೆ. ಹೋಂಡಾದವರ ಗೋಲ್ಡ್ ವಿಂಗ್ ಟೂರ್ ಇದೆ: 1833 ಸಿಸಿ, ಆರು ಸಿಲಿಂಡರ್, ಹಿಂದಕ್ಕೆ ಹೋಗಲು ಬೇರೆ ಗೇರು, ಹಿಂದೆ ಸಿಂಹಾಸನದಂಥ ಸೀಟು. ಅದರ ಬೆಲೆಗೆ ರಾಜಾನುಕುಂಟೆಯ ಆಚೆ ಒಂದು ಸೈಟು ಬರಬಹುದು. ನಾನು ಸೈಟಿನ ಕಡೆಗೇ. ನನ್ನ ಮೆಚ್ಚುಗೆಯೆಲ್ಲ ಅಮೆರಿಕದ ಎಫಿ ಹಾಚ್‌ಕಿಸ್ ಎಂಬ ಹುಡುಗಿಗೆ. 1915ರಲ್ಲಿ ಆಕೆ ತನ್ನ ತಾಯಿ ಏವಿಸ್‌ಳನ್ನು ಹಾರ್ಲೆ ಡೇವಿಡ್ಸನ್ನಿನ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಬ್ರೂಕ್ಲಿನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಹೋಗಿ ವಾಪಸ್ ಬಂದಳು. ಜೊತೆಗೆ ಕರೆದುಕೊಂಡು ಹೋಗುವುದು ಅಂದರೆ ಅದು. ಇದನ್ನು ಹೇಳಿದ್ದಕ್ಕೆ ನಮ್ಮವರು ಸೈಡ್‌ಕಾರಿನ ರೇಟು ವಿಚಾರಿಸಲು ಫೋನ್ ತೆಗೆದರು. ಕಿತ್ತುಕೊಂಡೆ.

ಮಾತುಕತೆಗೆ ಹೆಲ್ಮೆಟ್ಟಿನೊಳಗೆ ಕೂರಿಸುವ ಇಂಟರ್‌ಕಾಮ್ ಬಂದಿದೆ ಅಂತ ಮಗ ಹೇಳಿದ. ನಮ್ಮವರು ಗಾಬರಿಯಾದರು. ಬೈಕ್ ಓಡಿಸುವ ಗಂಡಸಿಗೆ ಇರುವ ದೊಡ್ಡ ನೆಮ್ಮದಿಯೇ ಗಾಳಿಯ ಸದ್ದು. ಹಾಗಾಗಿ ಹಳೆಯ ಪದ್ಧತಿಗೇ ಒಪ್ಪಿಕೊಂಡೆವು: ಬಲ ಪಕ್ಕೆಗೆ ಒಂದು ತಿವಿತ ಅಂದರೆ ನಿಧಾನ, ಎರಡು ಅಂದರೆ ನಿಲ್ಲಿಸಿ, ಭುಜ ಹಿಡಿದು ಅಲ್ಲಾಡಿಸಿದರೆ ಕಾಫಿ.

ಕೊನೆಗೆ ಆರಿಸಿದ್ದು 350ರ ಒಂದು ಗಾಡಿ. ಸಪಾಟಾದ ಉದ್ದ ಸೀಟು, ಕಾಲು ಇಳಿಬಿಡಲು ಬೇಕಾದಷ್ಟು ಕೆಳಗೆ ಫುಟ್‌ರೆಸ್ಟ್, ಗಟ್ಟಿ ಹಿಡಿ, ಒರಗಲು ಬ್ಯಾಕ್‌ರೆಸ್ಟ್. ಸೀರೆ ಗಾರ್ಡ್ ಬಿಚ್ಚುವ ಮಾತು ಯಾರೂ ಎತ್ತಲಿಲ್ಲ. ಮೈಸೂರು ಎಕ್ಸ್‌ಪ್ರೆಸ್ ದಾರಿಯಲ್ಲಿ 2023ರ ಆಗಸ್ಟಿನಿಂದ ಬೈಕಿಗೆ ಪ್ರವೇಶವಿಲ್ಲ, ದಕ್ಷಿಣದವರು ಸರ್ವಿಸ್ ರೋಡಿನ ಹಂಪು ಎಣಿಸಬೇಕು. ನಾವು ಉತ್ತರದವರಿಗೆ ಆ ಗೋಳಿಲ್ಲ. ಬೆಳಿಗ್ಗೆ ಎದ್ದು ದೊಡ್ಡಬಳ್ಳಾಪುರ ರಸ್ತೆ ಹಿಡಿದರೆ ಘಾಟಿ ಸುಬ್ರಹ್ಮಣ್ಯ, ತುಮಕೂರು ರಸ್ತೆ ಹಿಡಿದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಲಡಾಖಿನ ಮಾತು ಸದ್ಯಕ್ಕೆ ಇಡ್ಲಿಯ ಆಚೆಗೆ ಹೋಗಿಲ್ಲ.

ಗಾಡಿ ಬಂದ ಭಾನುವಾರ ಇವರ ಹಳೇ ಸಹೋದ್ಯೋಗಿಯೊಬ್ಬರು ಹೆಂಡತಿಯ ಜೊತೆ ನೋಡಲು ಬಂದರು. ಅವರೂ ಒಂದನ್ನು ಬುಕ್ ಮಾಡಿದ್ದರು, ಚೂಪು ಬಾಲದ್ದು. ಗಂಡಸರಿಬ್ಬರೂ ಇಂಜಿನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಟಾರ್ಕು, ಮೈಲೇಜು ಅಂತ ಶುರುಮಾಡಿದರು. ಆಕೆ ಸದ್ದಿಲ್ಲದೆ ಹಿಂದಕ್ಕೆ ಬಂದು ಹೆಬ್ಬೆರಳಿನಿಂದ ಸೀಟು ಒತ್ತಿ ನೋಡಿದರು. "ಕೂತ್ಕೊಳ್ಳಿ, ಪರವಾಗಿಲ್ಲ" ಅಂದೆ. ಕೂತರು. ಒರಗಿದರು. ಕಾಲು ಇಳಿಬಿಟ್ಟು ಆಚೀಚೆ ಆಡಿಸಿದರು. ಕಾಫಿಯನ್ನೂ ಅಲ್ಲಿಗೇ ತರಿಸಿಕೊಂಡು ಕುಡಿದರು. ಮಾರನೆಯ ಬೆಳಿಗ್ಗೆ ಆಕೆಯ ಯಜಮಾನರಿಂದ ನಮ್ಮವರಿಗೆ ಫೋನ್: ಬುಕಿಂಗ್ ಕ್ಯಾನ್ಸಲ್ ಮಾಡಿದರೆ ಅಡ್ವಾನ್ಸ್ ವಾಪಸ್ ಕೊಡುತ್ತಾರಾ ಅಂತ.