ಕಂಠಶೋಷಣೆ

ಕೋಟಿನ ಕೊರಳಪಟ್ಟಿ ತೊಟ್ಟವನ ಕೊರಳಿಗೆ ಹಿಡಿಸದೆ ಹೋದಾಗ ಇಳಿಸಬೇಕಾದುದು ಕೊರಳನ್ನೋ, ಬಿಡಿಸಬೇಕಾದುದು ಪಟ್ಟಿಯನ್ನೋ ಎಂಬ ಪ್ರಶ್ನೆ ನನ್ನ ಪಾಲಿಗೆ ಉದ್ಭವಿಸಿದುದು ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ, ಮಗಳ ಮನೆಯ ನಿಲುಗನ್ನಡಿಯ ಮುಂದೆ. ಬಂಧುಗಳೊಬ್ಬರ ಮದುವೆಗೆಂದು ಸಮುದ್ರ ದಾಟಿಸಿ ತಂದಿದ್ದ ಆ ಕ್ಲೋಸ್ ಕಾಲರ್ ಕೋಟು ನಾನು ಅಧ್ಯಾಪಕ ವೃತ್ತಿಗೆ ಸೇರಿದ ವರ್ಷ ಮೈಸೂರಿನಲ್ಲಿ ಹೊಲಿಸಿದುದು. ಅಂದಿನಿಂದ ಇಂದಿನವರೆಗೆ ಅದು ತನ್ನ ಅಳತೆಯನ್ನು ಪ್ರಾಮಾಣಿಕವಾಗಿ ಕಾಪಾಡಿಕೊಂಡು ಬಂದಿದೆ, ನಾನು ಕಾಪಾಡಿಕೊಂಡಿಲ್ಲ. ಕೊಕ್ಕೆಯೂ ಅದರ ಕುಣಿಕೆಯೂ ಎರಡು ಬೆರಳಿನ ಅಂತರದಲ್ಲಿ, ಮುನಿಸಿಕೊಂಡ ಬೀಗರಂತೆ, ಒಂದರ ಮುಖವನ್ನೊಂದು ನೋಡುತ್ತ ನಿಂತುಬಿಟ್ಟವು.

"ಅಣ್ಣ, ಎರಡು ತಿಂಗಳು ತುಪ್ಪ ಬಿಟ್ಟುನೋಡಿ, ತಾನಾಗಿ ಹಿಡಿಸುತ್ತೆ" ಎಂದಳು ಮಗಳು. "ದರ್ಜಿಯವನು ಒಳಗೆ ಬಟ್ಟೆ ಬಿಟ್ಟಿರ್ತಾನೆ, ಬಿಚ್ಚಿ ಹೊಲಿದರಾಯಿತು, ಪಾಪ, ಅವರ ತುಪ್ಪಕ್ಕೆ ಯಾಕೆ ಕೈ ಹಾಕ್ತೀಯ" ಎಂದಳು ನನ್ನಾಕೆ. ವಿವಾದದ ವಸ್ತು ನನ್ನ ಕೊರಳೇ ಆದುದರಿಂದ ತೀರ್ಪುಗಾರನಾಗುವ ಅರ್ಹತೆ ನನಗಿಲ್ಲವೆಂದು ತಿಳಿದು, ಮೆಲ್ಲನೆ ನೆರೆಮನೆಯ ಕಡೆಗೆ ಕಾಲು ತೆಗೆದೆನು.

ಆ ಮನೆಯ ಯಜಮಾನರು ಲೇತಿನ ಮುಂದೆ ಆಯುಷ್ಯ ಸವೆಸಿ ನಿವೃತ್ತರಾದ ವೃದ್ಧರು. ನಾನು ಪಾಠ ಹೇಳುತ್ತಿದ್ದೆನೆಂಬುದನ್ನು ಎಲ್ಲಿಂದಲೋ ಕೇಳಿ ತಿಳಿದುಕೊಂಡು ಅಂದಿನಿಂದ ನನ್ನನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಆ ಪದವಿಯನ್ನು ನನ್ನ ಕಾಲೇಜು ಎಂದೂ ಕೊಡಲಿಲ್ಲವಾಗಿ ನಾನು ತಿದ್ದುವ ಗೋಜಿಗೆ ಹೋಗಲಿಲ್ಲ. ಅವರ ನೆಲಮಾಳಿಗೆಯಲ್ಲಿ ಹಗಲೂ ಇರುಳೂ ಒಂದು ದೀಪ ಉರಿಯುತ್ತಿತ್ತು. ಅದರ ಕೆಳಗೆ ಕುಳಿತು ಅವರು ಹಿತ್ತಾಳೆಯ ಖಾಲಿ ತೋಟಾಗಳನ್ನು ಒಂದೊಂದಾಗಿ ಕಡ್ಡಿಯೊಂದಕ್ಕೆ ಸಿಕ್ಕಿಸಿ, ಪುಟ್ಟ ಉಳಿಯೊಂದನ್ನು ತಾಗಿಸಿ, ಪೆನ್ಸಿಲು ಹೆರೆಯುವಂತೆ ಅವುಗಳ ಕೊರಳನ್ನು ಸುತ್ತಲೂ ಹೆರೆಯುತ್ತಿದ್ದರು. ನಮ್ಮಲ್ಲಿ ಕಂಠಶೋಷಣೆ ಮಾಡಿಕೊಳ್ಳುವವರು ಮೇಷ್ಟರುಗಳು ಮಾತ್ರವೆಂದು ನಂಬಿದ್ದ ನಾನು ಅದರ ವಾಚ್ಯಾರ್ಥವನ್ನು ಕಣ್ಣಾರೆ ಕಂಡದ್ದು ಅಲ್ಲಿಯೇ.

ಬಂದೂಕಿನ ವಿಷಯದಲ್ಲಿ ನನಗಿದ್ದ ಜ್ಞಾನವೆಲ್ಲ ಕೊಡಗಿನ ಸ್ನೇಹಿತನೊಬ್ಬನ ಮನೆಯಲ್ಲಿ ಕೈಲುಮುಹೂರ್ತದ ದಿನ ಸಂಪಾದಿಸಿದುದು. ಅಲ್ಲಿ ಕೋವಿಗೆ ಹೂವು ಮುಡಿಸಿ ಪೂಜೆ ಮಾಡುತ್ತಾರೆ, ಉಣ್ಣುತ್ತಾರೆ, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕಾಯಿ ಒಡೆದರೆ ಗೆದ್ದಂತೆ, ಒಡೆಯದಿದ್ದರೆ ಸೋತಂತೆ. ಎಷ್ಟು ಒಡೆಯಿತು ಎಂದು ಅಳೆಯುವವರನ್ನು ನಾನು ಕಾಣೆ. ಈ ವೃದ್ಧರ ಪಂಥವಾದರೋ ಬೇರೆ. ಬೆಂಚ್‌ರೆಸ್ಟ್ ಎಂದು ಅದರ ಹೆಸರು. ಕಲ್ಲಿನಂತಹ ಮೇಜಿನ ಮೇಲೆ ಮರಳಿನ ಚೀಲಗಳನ್ನಿಟ್ಟು, ಅವುಗಳ ಮೇಲೆ ರೈಫಲನ್ನು ಬಾಣಂತಿಯಂತೆ ಮಲಗಿಸಿ, 100 ಗಜ ದೂರದ ಕಾಗದಕ್ಕೆ ಐದು ಗುಂಡು ಹಾರಿಸಬೇಕು. ಐದೂ ಒಂದೇ ರಂಧ್ರದಲ್ಲಿ ಹೋಗಬೇಕು. ಒಂದರಿಂದೊಂದು ಎಷ್ಟು ಸರಿದಿವೆಯೆಂಬುದನ್ನು ಆಮೇಲೆ ಗುಂಡಿನ ನಡುವಿನಿಂದ ನಡುವಿಗೆ ಅಳೆಯುತ್ತಾರೆ. 1973ರಲ್ಲಿ ಮ್ಯಾಕ್‌ಮಿಲನ್ ಎಂಬವರು ಹೀಗೆ ಹಾರಿಸಿದ ಐದು ಗುಂಡುಗಳ ಅಂತರ 0.009 ಇಂಚು, ಎಂದರೆ ಸುಮಾರು ಮೂರು ಕೂದಲೆಳೆಗಳ ದಪ್ಪ. ಆ ದಾಖಲೆಯನ್ನು ಮುರಿಯಲು ಲೋಕವು 2013ರವರೆಗೆ ಕಾಯಬೇಕಾಯಿತು. ಇದನ್ನು ಕೇಳಿದಾಗ ನನಗೆ ಅನ್ನಿಸಿದುದು, ಮೊದಲನೆಯ ಗುಂಡು ಒಂದೇ ಸರಿಯಾಗಿ ಬಿದ್ದು ಮಿಕ್ಕ ನಾಲ್ಕೂ ಎಲ್ಲಿಯಾದರೂ ಹಾರಿಹೋಗಿದ್ದರೂ ಕಾಗದ ಹೆಚ್ಚು ಕಡಮೆ ಹಾಗೆಯೇ ಕಾಣುತ್ತಿತ್ತಲ್ಲ ಎಂದು. ಆ ವಂಚನೆಗೆ ಎಡೆಯಿರದಂತೆ ಗುರಿಯ ಹಿಂದೆ ಸರಿಯುತ್ತಿರುವ ಇನ್ನೊಂದು ಕಾಗದವನ್ನು ಇಟ್ಟಿರುತ್ತಾರಂತೆ. ಪರೀಕ್ಷಾ ಮಂಡಳಿಯವರು ಕಲಿಯಬೇಕಾದ ಉಪಾಯ.

ಕೊರಳು ಹೆರೆಯುವ ಕಾರಣವನ್ನು ಅವರು ನನಗೆ ಹಲವು ಸಂಜೆಗಳಲ್ಲಿ ಬೋಧಿಸಿದರು. ತೋಟಾ ಎಂಬುದು ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆಯ ಪುಟ್ಟ ಸೀಸೆ. ಹೊಟ್ಟೆಯಲ್ಲಿ ಮದ್ದು, ಕೊರಳಿನಲ್ಲಿ ಗುಂಡು. ಮದ್ದು ಹೊತ್ತಿದೊಡನೆ ಹಿತ್ತಾಳೆ ಹಿಗ್ಗಿ, ನಳಿಗೆಯ ಬುಡದಲ್ಲಿ ತೋಟಾ ಕೂರುವ ಕೋಣೆಯಾದ ಚೇಂಬರಿನ ಗೋಡೆಗೆ ಅಂಟಿಕೊಂಡು ಅನಿಲವು ಹಿಂದೆ ನುಗ್ಗದಂತೆ ತಡೆಯುತ್ತದೆ, ಕೊರಳು ಸಡಿಲವಾಗಿ ಗುಂಡನ್ನು ಬೀಳ್ಕೊಡುತ್ತದೆ, ಮರುಕ್ಷಣವೇ ತುಸು ಕುಗ್ಗುತ್ತದೆ. ಕಾರ್ಖಾನೆಯ ಬಂದೂಕುಗಳಲ್ಲಿ ಚೇಂಬರನ್ನು ರೆಡಿಮೇಡ್ ಅಂಗಿಯಂತೆ ಯಾರು ತೊಟ್ಟರೂ ಆಗುವಷ್ಟು ದೊಗಳೆಯಾಗಿ ಕೊರೆದಿರುತ್ತಾರೆ. ಆದರೆ ಹಿತ್ತಾಳೆಯ ಕೊರಳು ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿರುವುದುಂಟು. ಅಂತಹ ಕೊರಳಿನಲ್ಲಿ ಕುಳಿತ ಗುಂಡು ನಳಿಗೆಯ ನಟ್ಟನಡುವೆ ನಿಲ್ಲದೆ, ಸಭೆಯಲ್ಲಿ ಕುರ್ಚಿಯ ಅಂಚಿನಲ್ಲಿ ಕುಳಿತವನಂತೆ ಓರೆಯಾಗಿ ಹೊರಡುತ್ತದೆ. ಆದುದರಿಂದ ಚೇಂಬರಿನ ಕೊರಳನ್ನು ಬಿಗಿಯಾಗಿ ಕೊರೆಸಿ, ತೋಟಾದ ಕೊರಳನ್ನು ಸುತ್ತಲೂ ಸಮನಾಗಿ ಹೆರೆದು ಹೊಂದಿಸುವುದು ಈ ಪಂಥದ ಸಂಪ್ರದಾಯ. 1970ರ ದಶಕದಲ್ಲಿ ಪಾಲ್ಮಿಸಾನೊ ಎಂಬ ವೈದ್ಯರೂ ಪಿಂಡೆಲ್ ಎಂಬ ಕುಶಲಕರ್ಮಿಯೂ ಸೇರಿ ರೂಪಿಸಿದ, ಅವರಿಬ್ಬರ ಹೆಸರನ್ನೇ ಹೊತ್ತ 6 ಮಿ.ಮೀ. ಪಿಪಿಸಿ ತೋಟಾ ಇವರ ಇಷ್ಟದೈವ. ಕೊರಳಿನ ತೊಂದರೆಯನ್ನು ಮೈಮೇಲೆ ಎಳೆದುಕೊಂಡವರಲ್ಲಿ ಒಬ್ಬರು ವೈದ್ಯರೇ ಎಂಬುದು ನನಗೆ ಬಹಳ ಸಮಾಧಾನ ಕೊಟ್ಟಿತು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಇಂಚಿನ ಸಾವಿರದಲ್ಲೊಂದು ಪಾಲಿಗೆ ಲೇತಿನವರು ಥೌ ಎನ್ನುವರು. ವೃದ್ಧರ ಚೇಂಬರಿನ ಕೊರಳು 262 ಥೌ, ಗುಂಡು 243, ಹೆರೆದ ಹಿತ್ತಾಳೆಯ ಗೋಡೆ ಎಂಟೂವರೆ ಥೌಗಳಂತೆ ಎರಡು ಕಡೆಗೂ ಸೇರಿ 17, ಒಟ್ಟು 260. ಉಳಿದ ಎಡೆ ಎರಡೇ ಥೌ, ಒಂದು ಕೂದಲೆಳೆಗೂ ಕಡಮೆ. ಹೆರೆಯದ ತೋಟಾ 268 ಇರುವುದರಿಂದ ಒಳಕ್ಕೆ ಹೋಗುವುದೇ ಇಲ್ಲ. ಅರೆಬರೆ ಹೆರೆದುದನ್ನು ಬಲವಂತದಿಂದ ನೂಕಿದರೆ ಕೊರಳಿಗೆ ಹಿಗ್ಗಲು ಎಡೆಯಿಲ್ಲದೆ, ಗುಂಡನ್ನು ಬಿಡಲಾರದೆ, ಒತ್ತಡವೇರಿ ಬಂದೂಕಿಗೂ ಅದನ್ನು ಹಿಡಿದವನಿಗೂ ಗಂಡಾಂತರ. ಹೀಗಾಗಿ ಒಂದೊಂದನ್ನೂ ಮೈಕ್ರೋಮೀಟರಿನಿಂದ ಅಳೆದು, ಹೆರೆದು, ಮತ್ತೆ ಅಳೆದು, ಹಿತ್ತಾಳೆ ಬಿಸಿಯಾದರೆ ಆರುವವರೆಗೆ ಕಾದು, ಇನ್ನೂ ಒಮ್ಮೆ ಅಳೆದು, ಆಮೇಲೆ ತಟ್ಟೆಯಲ್ಲಿಡಬೇಕು. ನನ್ನಾಕೆ ಉಪ್ಪಿನಕಾಯಿಗೆ ಮಾವಿನ ಮಿಡಿ ಆರಿಸುವ ಕ್ರಮವನ್ನು ಕಂಡವನಾದ ನಾನೇ ಈ ತಾಳ್ಮೆಗೆ ಬೆರಗಾದೆನು.

ಮುಂದೆ ನಡೆದ ಅನಾಹುತಕ್ಕೆ ಕಾರಣ ನಾನು. ಒಂದು ಸಂಜೆ ಅವರು ಮಣಿಕಟ್ಟಿನ ನೋವೆಂದು ಕೈ ಒತ್ತಿಕೊಳ್ಳುತ್ತಿದ್ದಾಗ, ನನ್ನ ದೇಶದ ವಿವೇಕವನ್ನು ಪ್ರದರ್ಶಿಸುವ ಆಸೆಯಿಂದ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಮ್ಮ ಗಾದೆಯನ್ನು ಅವರಿಗೆ ವಿವರಿಸಿದೆನು. ನೀವು ಮಾಡುತ್ತಿರುವುದೂ ಅದೇ ತಪಸ್ಸು ಎಂದು ಹೊಗಳಿದೆನು. ಅವರು ಬಹಳ ಹೊತ್ತು ಯೋಚಿಸಿ ಕೇಳಿದರು: "ಪ್ರೊಫೆಸರ್, ನಿಮ್ಮವರು ಹಾಸಿಗೆಯನ್ನೇ ಉದ್ದ ಮಾಡಿಸುವುದಿಲ್ಲವೇ?"

ಸಾವಿರಾರು ವರ್ಷಗಳಿಂದ ನಮ್ಮಲ್ಲಿ ಯಾರಿಗೂ ಹೊಳೆಯದಿದ್ದ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರವೇ ಅವರು ಚೇಂಬರಿನ ಕೊರಳನ್ನು 271ಕ್ಕೆ ಹಿಗ್ಗಿಸಿ, ಹೆರೆಯದ ತೋಟಾವನ್ನೇ ಮೂರು ಥೌ ಎಡೆಯಿಟ್ಟು ಬಳಸುವುದೆಂದು ನಿಶ್ಚಯಿಸಿದರು. ಬಂದೂಕು ರಿಪೇರಿಯವನ ಅಂಗಡಿಗೆ ನಾನೂ ಜೊತೆಯಲ್ಲಿ ಹೋದೆನು. ಅವನು ನಳಿಗೆಯನ್ನು ತಿರುಚಿ ಬಿಡಿಸಿ, ಲೇತಿಗೆ ಕಟ್ಟಿ, ಮುಳ್ಳಿನ ಗಡಿಯಾರದಂತಹ ಮಾಪಕವನ್ನು ತಾಗಿಸಿ, ಮುಳ್ಳು ಅಲುಗದೆ ನಿಲ್ಲುವ ತನಕ ಒಂದು ಗಂಟೆಯ ಕಾಲ ಅತ್ತ ಒಂದು ತಟ್ಟು, ಇತ್ತ ಒಂದು ತಟ್ಟು ಕೊಡುತ್ತಿದ್ದನು. ಮೃದಂಗದ ಶ್ರುತಿ ಕೂಡಿಸುವುದಕ್ಕೆ ಕಚೇರಿಯ ಅರ್ಧವನ್ನು ವ್ಯಯಮಾಡುವ ವಿದ್ವಾಂಸರ ನೆನಪಾಯಿತು. ಕೊನೆಗೆ ರೀಮರ್ ಎಂಬ ಕೊರೆಯುವ ಉಳಿಗೆ ಎಣ್ಣೆ ಬಿಟ್ಟು ಒಳಗಿಟ್ಟನು. ನನಗೆ ಸೀನು ಬಂತು. ಸೀನಿ ಕಣ್ಣು ತೆರೆಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಆಮೇಲೆ ನಳಿಗೆಯ ಮೇಲೆ ಹೊಸ ಅಳತೆಯನ್ನು, ನಮ್ಮ ಪಾತ್ರೆ ಅಂಗಡಿಯವರು ಮದುವೆಯ ಚೊಂಬಿನ ಮೇಲೆ ಮದುಮಕ್ಕಳ ಹೆಸರು ಕೊರೆಯುವಂತೆ, ಕೊರೆದುಕೊಟ್ಟನು.

ಈಗ ವೃದ್ಧರು ಸುಖಿಯಾಗಬೇಕಿತ್ತು; ಆಗಲಿಲ್ಲ. ಮೊದಲನೆಯದಾಗಿ, ವರ್ಷಗಟ್ಟಲೆ ಹೆರೆದು ಸಾಲಾಗಿ ಇಟ್ಟಿದ್ದ ಇನ್ನೂರು ತೋಟಾಗಳು ಒಂದೇ ದಿನದಲ್ಲಿ ಅನಾಥವಾದವು. 271ರ ಕೋಣೆಯಲ್ಲಿ 260ರ ಕೊರಳು ಅಪ್ಪನ ಅಂಗಿ ತೊಟ್ಟ ಕೂಸಿನಂತೆ; ಹಾರಿಸಿದಾಗಲೆಲ್ಲ ಅಷ್ಟೊಂದು ಹಿಗ್ಗಿ, ಮತ್ತೆ ಅಷ್ಟೊಂದು ಕುಗ್ಗಿಸಿಕೊಂಡು, ಬಹುಬೇಗ ಸೀಳಿಹೋಗುತ್ತದೆ. ಕೊರೆದ ಉಕ್ಕನ್ನು ಮತ್ತೆ ತುಂಬುವ ಹಾಗೂ ಇಲ್ಲ, ಹೆರೆದ ಹಿತ್ತಾಳೆಯನ್ನು ಅಂಟಿಸುವ ಹಾಗೂ ಇಲ್ಲ. ಅವುಗಳಲ್ಲಿ ನಾಲ್ಕನ್ನು ನೆನಪಿಗೆಂದು ನನ್ನ ಕೈಗಿತ್ತರು. ನನ್ನಾಕೆ ಕುಂಕುಮ ತುಂಬಿಡಲು ಚೆನ್ನಾಗಿವೆ ಎಂದಳು. ಖಾಲಿ ತೋಟಾ ಪೆಟ್ಟಿಗೆಯಲ್ಲಿ ಸಿಕ್ಕಿದರೂ ವಿಮಾನ ನಿಲ್ದಾಣದ ಪೊಲೀಸರು ಕೂರಿಸಿಕೊಂಡು ಕೇಳುತ್ತಾರೆಂದು ಮಗಳು ಹೆದರಿಸಿದ್ದರಿಂದ ಮುತ್ತೈದೆಯ ಆ ಭಾಗ್ಯ ತಪ್ಪಿತು.

ಎರಡನೆಯ ದುಃಖ ಇನ್ನೂ ಆಳವಾದುದು. ನೆಲಮಾಳಿಗೆಯಲ್ಲಿ ದೀಪ ಹಚ್ಚಲು ಕಾರಣವೇ ಉಳಿಯಲಿಲ್ಲ. ಸಂಜೆಯಾದರೆ ಅವರು ಮೆಟ್ಟಿಲಿನ ಮೇಲೆ ಕುಳಿತು ಅಳಿಲುಗಳನ್ನು ಎಣಿಸುತ್ತಿದ್ದರು. ಗುಂಡು ಚೆನ್ನಾಗಿ ಹೋಗುತ್ತಿದೆಯೇ ಎಂದು ಕೇಳಿದರೆ, ಮೊದಲಿನಷ್ಟೇ ಚೆನ್ನಾಗಿ ಹೋಗುತ್ತಿದೆ ಎಂದು, ಅಪರಾಧವನ್ನು ಒಪ್ಪಿಕೊಳ್ಳುವವರಂತೆ ನಿಟ್ಟುಸಿರಿಟ್ಟರು. ಮೊದಲು ಗುರಿ ತಪ್ಪಿದರೆ ಹೆರೆಯುವುದರಲ್ಲಿ ಅರ್ಧ ಥೌ ಹೆಚ್ಚು ಕಡಮೆಯಾಯಿತೆನ್ನುತ್ತಿದ್ದರು. ಈಗ ತಪ್ಪಿದರೆ ತಪ್ಪಿದವರು ಅವರೇ.

ಹತ್ತು ದಿನಗಳಾದ ಮೇಲೆ ನೆಲಮಾಳಿಗೆಯ ಕಿಟಕಿಯಲ್ಲಿ ಮತ್ತೆ ಬೆಳಕು ಕಂಡು ಓಡಿಹೋದೆನು. ಹೊಸ ತೋಟಾವೊಂದನ್ನು ಕಡ್ಡಿಗೆ ಸಿಕ್ಕಿಸಿ ಅವರು ಉಳಿ ತಾಗಿಸಿದ್ದರು. ನನ್ನನ್ನು ಕಂಡು ಮುಖ ಕೆಂಪಗಾಯಿತು. "ಹೆರೆಯುತ್ತಿಲ್ಲ ಪ್ರೊಫೆಸರ್, ಉಬ್ಬಿದ ಕಡೆ ಸ್ವಲ್ಪ ಸವರುತ್ತಿದ್ದೇನೆ, ಅರ್ಧ ಥೌ ಅಷ್ಟೇ" ಎಂದರು. ಮೂರನೆಯ ದೋಸೆಯ ಮೇಲೆ ಸಿಕ್ಕಿಬಿದ್ದಾಗ ನಾನು ತುಪ್ಪದ ಬಗ್ಗೆ ಮಗಳಿಗೆ ಹೇಳಿದ ಮಾತೂ ಹೆಚ್ಚು ಕಡಮೆ ಇದೇ.

ಹೊರಡುವಾಗ ನನ್ನ ಕೋಟಿನ ಕಥೆಯನ್ನು ಹೇಳಿದೆನು. ಅವರ ಕಣ್ಣು ಅರಳಿತು. ಅಳತೆಯ ಪಟ್ಟಿ ತಂದು ನನ್ನ ಕೊರಳನ್ನು ಮೂರು ಸಲ ಅಳೆದು, ಮೂರರ ಸರಾಸರಿ ತೆಗೆದು, ಕಾಗದದ ಚೂರಿನ ಮೇಲೆ ದಶಮಾಂಶದ ಮೂರು ಸ್ಥಾನಗಳವರೆಗೆ ಬರೆದುಕೊಟ್ಟರು. ನನ್ನಾಕೆ ಅದನ್ನು ಓದಿ, ಕನ್ನಡಕ ತೆಗೆದು ನನ್ನ ಕೊರಳನ್ನೊಮ್ಮೆ ನೋಡಿ, ಕೋಟಿನ ಪಟ್ಟಿಯನ್ನು ಬಿಚ್ಚಿದಳು. ದರ್ಜಿ ಒಳಗೆ ಬಟ್ಟೆಯನ್ನೇ ಬಿಟ್ಟಿರಲಿಲ್ಲ. ಮದುವೆಯ ದಿನ ಕೊಕ್ಕೆ ಹಾಕದೆ, ಅದರ ಮೇಲೆ ಜರಿ ಶಲ್ಯವನ್ನು ಎರಡು ಸುತ್ತು ಎಳೆದುಕೊಂಡು ಕುಳಿತಿದ್ದೆನು. ಊಟದಲ್ಲಿ ಹೋಳಿಗೆಗೆ ತುಪ್ಪ ಬಡಿಸಲು ಬಂದವನಿಗೆ ಬೇಡವೆನ್ನಲು ಕೈಯೆತ್ತಿದರೆ ಶಲ್ಯ ಜಾರುವ ಭಯವಿದ್ದುದರಿಂದ ಸುಮ್ಮನಿದ್ದೆನು.