ಮಂತ್ರಿಗಳ ಅಪ್ಪಣೆ, ಕಾರ್ಯದರ್ಶಿಗಳ ಇಚ್ಛೆ
ಲಂಡನ್ನಿನ ಸರ್ಕಾರಿ ಕೇಂದ್ರವಾದ ವೈಟ್‌ಹಾಲ್‌ನಲ್ಲಿ ಮಂತ್ರಿ ಬಂದುಹೋಗುವವನು, ಕಾರ್ಯದರ್ಶಿ ಉಳಿಯುವವನು. ಬಿಬಿಸಿಯಲ್ಲಿ 1980ರಲ್ಲಿ ಆರಂಭವಾದ ‘ಯೆಸ್ ಮಿನಿಸ್ಟರ್’ ಧಾರಾವಾಹಿಯ ಹಾಸ್ಯವೆಲ್ಲ ಹುಟ್ಟುವುದು ಇಲ್ಲೇ. ಆಂಟನಿ ಜೇ, ಜೊನಾಥನ್ ಲಿನ್ ಬರೆದ ಈ ಕಥೆಯಲ್ಲಿ ಮಂತ್ರಿ ಜಿಮ್ ಹ್ಯಾಕರ್ ಆಡಳಿತ ಸುಧಾರಿಸಲು ಹೊರಡುತ್ತಾನೆ. ಖಾಯಂ ಕಾರ್ಯದರ್ಶಿ ಸರ್ ಹಂಫ್ರಿ ಇಲ್ಲವೆನ್ನದೆಯೇ ತಡೆಯುತ್ತಾನೆ. ನಡುವೆ ಸಿಕ್ಕಿಕೊಂಡವನು ಆಪ್ತ ಕಾರ್ಯದರ್ಶಿ ಬರ್ನಾರ್ಡ್: ಕೆಲಸ ಒಬ್ಬನ ಬಳಿ, ಬಡ್ತಿ ಇನ್ನೊಬ್ಬನ ಕೈಯಲ್ಲಿ.

ತಡೆಯುವ ಈ ಕಲೆಯನ್ನು ಕಲ್ಪಿತ ಮಾತುಕತೆಯೊಂದರಲ್ಲಿ ಹೀಗೆ ತೋರಿಸಬಹುದು:

“ಆ ಕಡತ ಇವತ್ತೇ ಹೊರಡಬೇಕು.”

“ಹೊರಟಿದೆ, ಮಂತ್ರಿಗಳೇ.”

“ಎಲ್ಲಿಗೆ?”

“ಹಣಕಾಸು ಇಲಾಖೆಗೆ. ಅಲ್ಲಿಂದ ಕಾನೂನು ತಜ್ಞರಿಗೆ.”

“ಆಮೇಲೆ?”

“ತಮ್ಮ ಅಭಿಪ್ರಾಯ ಕೋರಿ ತಮ್ಮಲ್ಲಿಗೇ.”

“ಅಷ್ಟರಲ್ಲಿ ಚುನಾವಣೆ ಬಂದುಬಿಡುತ್ತದಲ್ಲ!”

“ಹಾಗಾದರೆ ತಮ್ಮ ನಂತರ ಬರುವವರ ಅಭಿಪ್ರಾಯ ಕೋರಿ.”

ಹಂಫ್ರಿಯ ಇನ್ನೊಂದು ಅಸ್ತ್ರ ಉಸಿರು ಬಿಡದ ವಾಕ್ಯ. ಅದು ಮುಗಿಯುವಷ್ಟರಲ್ಲಿ ಕೇಳಿದ ಪ್ರಶ್ನೆಯೇ ಮರೆತಿರುತ್ತದೆ. ಹ್ಯಾಕರ್ ಪೂರ್ತಿ ದಡ್ಡನೇನಲ್ಲ. ಮತ ಕೈತಪ್ಪುವ, ಪತ್ರಿಕೆಯಲ್ಲಿ ಮಾನ ಹೋಗುವ ಭಯ ಹುಟ್ಟಿದಾಗ ಅವನೂ ಗೆಲ್ಲುತ್ತಾನೆ. ನಿಜ ಹೇಳಬೇಕೆಂದರೆ ತತ್ವಕ್ಕಿಂತ ಆ ಭಯವೇ ಅವನ ಬಲ.

ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಈ ಧಾರಾವಾಹಿಯನ್ನು ಮೆಚ್ಚಿದ್ದಲ್ಲದೆ, 1984ರಲ್ಲಿ ಮುಖ್ಯ ನಟರಾದ ಪಾಲ್ ಎಡಿಂಗ್ಟನ್, ನೈಜೆಲ್ ಹಾಥಾರ್ನ್ ಜೊತೆ ಕಿರು ಪ್ರಹಸನವೊಂದರಲ್ಲಿ ಅಭಿನಯಿಸಿದರು. 1986ರಲ್ಲಿ ಆರಂಭವಾದ ಮುಂದಿನ ಸರಣಿಯಲ್ಲಿ ಹ್ಯಾಕರನೇ ಪ್ರಧಾನಿ. ಹಂಫ್ರಿ ಅಲ್ಲಿಯೂ ಇದ್ದ. 2001ರಲ್ಲಿ ಈ ಜೋಡಿ ‘ಜೀ ಮಂತ್ರೀಜೀ’ಯಾಗಿ ಹಿಂದಿಗೂ ಬಂತು. ಮಂತ್ರಿಯ ಪಾತ್ರದಲ್ಲಿ ಫಾರೂಕ್ ಶೇಖ್.